ಬಾಗಿದ ಫೋರ್ಕ್ ಪೈಪ್ ಎಸೆಯಲಿಲ್ಲ, ನೆಟ್ಟಗೆ ಮಾಡಿದೆ: ನನ್ನ ಅನುಭವ

ಬೈಕಿನ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಪೈಪ್ ಒಮ್ಮೆ ಬಾಗಿದರೆ ಮುಗೀತು, ಹೊಸದು ಹಾಕಿಸೋದು ಬಿಟ್ಟು ಬೇರೆ ದಾರಿ ಇಲ್ಲ. ನನಗೆ ಈ ಮಾತು ಹೇಳದವರೇ ಇಲ್ಲ. ಸರ್ವಿಸ್‌ನವರು ಹೇಳಿದರು, ಬೈಕ್ ಬಿಚ್ಚಿ ಜೋಡಿಸುವ ಗೆಳೆಯರು ಹೇಳಿದರು, ಲೇತ್ ಕೆಲಸದವರೊಬ್ಬರು ನಕ್ಕೇ ಬಿಟ್ಟರು. ಅದೇ ಪೈಪುಗಳ ಮೇಲೆ ಈಗ ಹತ್ತಿರ ಹತ್ತಿರ ಎಂಟು ಸಾವಿರ ಕಿಲೋಮೀಟರ್ ಓಡಿಸಿದ್ದೇನೆ. ಸೀಲ್ ಒಂದು ಹನಿ ಆಯಿಲ್ ಬಿಟ್ಟಿಲ್ಲ. ಗಾಡಿ ಎಡಕ್ಕೂ ಎಳೆಯಲ್ಲ, ಬಲಕ್ಕೂ ಎಳೆಯಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಗಾಡಿ 150 ಸಿಸಿ. ಮಾಮೂಲಿ ಟೆಲಿಸ್ಕೋಪಿಕ್ ಫೋರ್ಕ್, 37 ಎಂಎಂ ಪೈಪ್. ಮುಂದಿದ್ದ ವಾಹನ ದಿಢೀರ್ ನಿಂತಿತು, ನನ್ನ ಮುಂದಿನ ಚಕ್ರ ನೇರವಾಗಿ ಅದರ ಬಂಪರಿಗೆ ಹೋಗಿ ಹೊಡೆಯಿತು. ವೇಗ 30ರ ಆಸುಪಾಸು ಇರಬೇಕು. ಮೈಗೆ ಏನೂ ಆಗಲಿಲ್ಲ. ಗಾಡಿಯ ಚಕ್ರ ಮಾತ್ರ ಇಂಜಿನ್ ಕಡೆ ಸರಿದಿತ್ತು, ಹ್ಯಾಂಡಲ್ ನೇರ ಹಿಡಿದರೆ ಚಕ್ರ ಬಲಕ್ಕೆ ನೋಡುತ್ತಿತ್ತು. ಪೈಪ್ ಎರಡು, ಕೆಳಗಿನ ಟಿ (ಎರಡೂ ಪೈಪ್ ಹಿಡಿದಿಡುವ ಅಡ್ಡ ಬ್ರಾಕೆಟ್), ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಆಕ್ಸಲ್ (ಚಕ್ರದ ಅಚ್ಚು), ಮಡ್‌ಗಾರ್ಡ್, ಮೇಲೆ ಲೇಬರ್ ಅಂತ ಒಂದು ಎಸ್ಟಿಮೇಟ್ ಕೊಟ್ಟರು. ಆ ಗಾಡಿಯನ್ನು ಹಾಗೇ ಮಾರಿದ್ದರೆ ಸಿಗುತ್ತಿದ್ದ ದುಡ್ಡಿನ ಅರ್ಧಕ್ಕಿಂತ ಜಾಸ್ತಿ ಇತ್ತು ಅದು. ಎಸ್ಟಿಮೇಟ್ ಮಡಚಿ ಜೇಬಿಗಿಟ್ಟುಕೊಂಡು ಬಂದೆ.

ಮೊದಲು ಮಾಡಿದ್ದು ಏನನ್ನೂ ಒತ್ತದೆ ಬರೀ ಸಡಿಲ ಮಾಡಿದ್ದು. ಕೆಳಗಿನ ಟಿ ಬೋಲ್ಟು, ಆಕ್ಸಲ್, ಮಡ್‌ಗಾರ್ಡ್ ಬೋಲ್ಟು ಎಲ್ಲ ಸಡಿಲಿಸಿ, ಚಕ್ರವನ್ನು ಮೊಣಕಾಲಿನ ಮಧ್ಯೆ ಹಿಡಿದು ಹ್ಯಾಂಡಲ್ ತಿರುಗಿಸಿದೆ. ಇದು ಎಲ್ಲರಿಗೂ ಗೊತ್ತಿರುವುದೇ, ಆದರೆ ಎಷ್ಟೋ ಜನ ಇದನ್ನು ಬಿಟ್ಟು ನೇರ ಹೊಸ ಪಾರ್ಟ್ಸ್‌ಗೆ ಹೋಗುತ್ತಾರೆ. ಅರ್ಧ ಸೊಟ್ಟ ಅಲ್ಲೇ ಹೋಯಿತು. ಉಳಿದ ಅರ್ಧವೇ ನಿಜವಾದ ಪೆಟ್ಟು.

ಛಾಸಿ ಸರಿ ಇಲ್ಲದಿದ್ದರೆ ಫೋರ್ಕ್ ಮುಟ್ಟುವುದೇ ದಂಡ. ಹೆಡ್ ಪೈಪಿನ (ಹ್ಯಾಂಡಲ್ ಕೂರುವ ಛಾಸಿಯ ಕೊಳವೆ) ವೆಲ್ಡಿಂಗ್ ಸುತ್ತ ಪೇಂಟ್ ಬಿರುಕು ಬಿಟ್ಟಿದೆಯಾ, ಅಲ್ಲಿಂದ ಕೆಳಗಿಳಿಯುವ ಡೌನ್ ಟ್ಯೂಬಿನ ಹಿಂಬದಿ ಸುಕ್ಕು ಬಂದಿದೆಯಾ ನೋಡಿದೆ. ಹೆಡ್ ಪೈಪಿನಿಂದ ಹಿಂದಿನ ಚಕ್ರ ಹಿಡಿಯುವ ಸ್ವಿಂಗ್ ಆರ್ಮ್‌ನ ಪಿವಟ್‌ವರೆಗೆ ಎಡ ಬಲ ಎರಡೂ ಕಡೆ ಅಳೆದೆ. ವ್ಯತ್ಯಾಸ ಒಂದು ಎಂಎಂ ಒಳಗೇ ಇತ್ತು. ಅಲ್ಲಿಗೆ ಛಾಸಿ ವಿಷಯ ಬಿಟ್ಟೆ.

ಇನ್ನು ಪೈಪ್. ಬಿಚ್ಚಿ ಗಾಜಿನ ಮೇಲೆ ಉರುಳಿಸಿದರೆ ಬಾಗಿದ್ದು ಕಣ್ಣಿಗೇ ಕಾಣುತ್ತಿತ್ತು. ಎರಡೂ ಒಂದೇ ಜಾಗದಲ್ಲಿ, ಕೆಳಗಿನ ಟಿ ಕೆಳಗೆ ನಾಲ್ಕು ಬೆರಳಿನಷ್ಟು ದೂರದಲ್ಲಿ, ಹಿಂದಕ್ಕೆ. ಸುಕ್ಕು ಇರಲಿಲ್ಲ, ಕ್ರೋಮ್ ಸಿಡಿದಿರಲಿಲ್ಲ. ಇದು ಮುಖ್ಯ. ಉಗುರು ಆಡಿಸಿದಾಗ ಸುಕ್ಕು ಅಥವಾ ಕ್ರೋಮ್ ಬಿರುಕು ತಗುಲಿದರೆ ಆ ಪೈಪ್ ಗುಜರಿಗೆ ಹೋಗಬೇಕು, ನನ್ನ ಕ್ರಮವೂ ಅದಕ್ಕೆ ಬೇಡ.

ಕಂಬಕ್ಕೆ ಹಗ್ಗ ಕಟ್ಟಿ ಎಳೆಯುವ ಹಳೇ ಉಪಾಯ ಒಬ್ಬರು ಹೇಳಿದ್ದರು. ಪೈಪುಗಳು ಇನ್ನೂ ಗಾಡಿಯಲ್ಲೇ ಇದ್ದಾಗ ಅದನ್ನೂ ನೋಡಿದೆ. ಹಗ್ಗ ಹಿಗ್ಗಿತು, ಗಾಡಿ ಜಾರಿತು, ಪೈಪ್ ಕದಲಲಿಲ್ಲ. ಒಳ್ಳೆಯದೇ ಆಯಿತು. ಹಾಗೆ ಎಳೆದರೆ ಬಲ ಬೀಳೋದು ಟಿ ಮೇಲೆ, ಕೋನ್ ಮೇಲೆ. ಬಾಗಿದ ಜಾಗ ಬಿಟ್ಟು ಉಳಿದದ್ದೆಲ್ಲ ಬಾಗುತ್ತದೆ.

ಬಿಸಿ ಮಾಡಿ ಬಗ್ಗಿಸುವ ಸಲಹೆಯೂ ಬಂತು. ನನ್ನ ಪೈಪಿನ ಮೇಲೆ ಮಾಡಲಿಲ್ಲ, ಗುಜರಿಯಲ್ಲಿ ಸಿಕ್ಕ ಒಂದು ತುಂಡಿನ ಮೇಲೆ ಮಾಡಿ ನೋಡಿದೆ. ಟಾರ್ಚ್ ಹಿಡಿದ ಜಾಗದಲ್ಲಿ ಕ್ರೋಮ್ ಮೊದಲು ಹಳದಿಯಾಯಿತು, ಆಮೇಲೆ ನೀಲಿ. ತಣ್ಣಗಾದ ಮೇಲೆ ಅದೇ ತುಂಡನ್ನು ಒತ್ತಿದರೆ ಬಿಸಿ ತಾಗದ ಭಾಗ ಗಟ್ಟಿ ನಿಂತಿತ್ತು, ಬಿಸಿಯಾದ ಭಾಗ ಸಲೀಸಾಗಿ ಬಗ್ಗಿತು. ಅಂಥದ್ದನ್ನು ಬ್ರೇಕ್ ಹಿಡಿಯುವ ಕಡೆ ಹಾಕಿಕೊಂಡು ಓಡಾಡೋದು ಯಾಕೆ ಬೇಕು? ತಣ್ಣಗೇ ಒತ್ತಬೇಕು, ಅಷ್ಟೇ.

ಒತ್ತೋದಕ್ಕೆ ದೊಡ್ಡ ಪ್ರೆಸ್ ಬೇಕು ಅನ್ನೋದು ಸುಳ್ಳು. ಬೋಲ್ಟು ಹಾಕಿದ ಸಿ ಚಾನಲ್ ಫ್ರೇಮು, ಅದರೊಳಗೆ 6 ಟನ್ನಿನ ಬಾಟಲ್ ಜಾಕ್. ಎರಡು ಬೆಂಬಲಗಳ ಮಧ್ಯೆ 400 ಎಂಎಂ ಅಂತರ ಇಟ್ಟರೆ ಈ ಗಾತ್ರದ ಪೈಪಿಗೆ ಎರಡು ಟನ್ ಸುತ್ತಮುತ್ತ ಸಾಕಾಗುತ್ತದೆ. ಕಷ್ಟ ಇರೋದು ಅಳತೆಯಲ್ಲಿ. ನನಗೆ ಜಾಸ್ತಿ ಸಮಯ ತಿಂದದ್ದೂ ಅದೇ.

ಗಟ್ಟಿ ಮರದಲ್ಲಿ ವಿ ಆಕಾರದ ಬ್ಲಾಕ್ ಕೊರೆದು, ಪೈಪ್ ಇಟ್ಟು, ಡಯಲ್ ಗೇಜ್ (ಸಣ್ಣ ಏರುಪೇರನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಹಚ್ಚಿದೆ. ಒಂದು ಸಲ ತಿರುಗಿಸಿದರೆ ಒಂದು ರೀಡಿಂಗ್, ಇನ್ನೊಂದು ಸಲ ಇನ್ನೊಂದು. ಮರ ಒತ್ತಿಕೊಳ್ಳುತ್ತದೆ, ಪೈಪ್ ಅದರೊಳಗೆ ಹತ್ತಿ ಇಳಿಯುತ್ತದೆ. ಒಂದು ವಾರಾಂತ್ಯ ಪೂರ್ತಿ ಹಾಳಾಯಿತು. ಕೊನೆಗೆ ಹಳೇ 6202 ಬೇರಿಂಗ್ ನಾಲ್ಕು ಹುಡುಕಿ, ಕಬ್ಬಿಣದ ಆಂಗಲ್‌ಗೆ ಎರಡೆರಡರಂತೆ ಬೋಲ್ಟ್ ಮಾಡಿ ರೋಲರ್ ಮಾಡಿಕೊಂಡೆ. ಮೊದಲು ಅದರ ಮೇಲೆ ಗ್ರೈಂಡ್ ಮಾಡಿದ ನೇರ ಶಾಫ್ಟ್ ಒಂದನ್ನು ತಿರುಗಿಸಿ ನೋಡಿದೆ. ಮುಳ್ಳು 0.02 ಎಂಎಂ ಒಳಗೇ ಆಡಿತು. ಆಮೇಲೆ ಪೈಪ್ ಇಟ್ಟರೆ ಎಷ್ಟು ಸಲ ತಿರುಗಿಸಿದರೂ ಒಂದೇ ರೀಡಿಂಗ್. ಇದಕ್ಕೆ ಖರ್ಚು ಅಂತ ಆದದ್ದು ಬೋಲ್ಟಿಗೆ ಮಾತ್ರ. ನಿಜ ಹೇಳಬೇಕೆಂದರೆ ಪೈಪ್ ನೆಟ್ಟಗಾದದ್ದಕ್ಕಿಂತ ಈ ರೋಲರ್ ಬಗ್ಗೆ ನನಗೆ ಹೆಚ್ಚು ಜಂಬ.

ಎಡ ಪೈಪಿನಲ್ಲಿ ಮುಳ್ಳು 3 ಎಂಎಂ ಹತ್ತಿರ ಆಡುತ್ತಿತ್ತು, ಬಲದ್ದರಲ್ಲಿ 5 ದಾಟಿತ್ತು. ಮುಳ್ಳು ಆಡಿದ್ದರ ಅರ್ಧ ನಿಜವಾದ ಸೊಟ್ಟ, ಮರೀಬೇಡಿ. ಎಷ್ಟೋ ಮ್ಯಾನುಯಲ್‌ಗಳಲ್ಲಿ ಮಿತಿ 0.2 ಎಂಎಂ ಅಂತ ಇರುತ್ತದೆ, ಅದು ಈ ಅರ್ಧದ ಲೆಕ್ಕ.

ಎಡ ಪೈಪಿನಿಂದ ಶುರು ಮಾಡಿದೆ. ಮಾರ್ಕರ್‌ನಲ್ಲಿ ಪ್ರತಿ 5 ಸೆಂಟಿಮೀಟರಿಗೆ ಗೆರೆ, ಉಬ್ಬಿದ ಕಡೆ ಚುಕ್ಕಿ. ಉಬ್ಬಿದ ಜಾಗದ ಮೇಲೆ ಪೈಪಿನ ದುಂಡಗೆ ಸರಿಯಾಗಿ ಕೊರೆದ ಅಲ್ಯೂಮಿನಿಯಂ ಗುಟ್ಟ. ಜಾಕ್ ಒತ್ತುತ್ತಾ ಹೋದರೆ ಮೊದಲ 2-3 ಎಂಎಂ ಏನೂ ಉಳಿಯಲ್ಲ, ಬಿಟ್ಟ ಕೂಡಲೇ ಪೂರ್ತಿ ವಾಪಸ್. ಅದರಾಚೆ ಒತ್ತಿದ್ದು ಮಾತ್ರ ಉಳಿಯುತ್ತದೆ. ಹಾಗಾಗಿ ಒತ್ತು, ಬಿಡು, ರೋಲರ್ ಮೇಲೆ ಇಡು, ಅಳೆ, ಮತ್ತೆ ಒತ್ತು. ಪ್ರತಿ ಸಲ ಅರ್ಧ ಎಂಎಂಗಿಂತ ಜಾಸ್ತಿ ಏರಿಸಲಿಲ್ಲ. ಅವಸರ ಇದ್ದವರು ಇಲ್ಲಿಗೇ ನಿಲ್ಲಿಸಿ, ಹೊಸ ಪೈಪ್ ತಗೊಳ್ಳಿ.

ಮಧ್ಯದಲ್ಲಿ ಮುಳ್ಳು ಸುಮಾರಾಗಿ ಸೊನ್ನೆಗೆ ಬಂತು. ಖುಷಿಯಲ್ಲಿ ಹತ್ತು ಸೆಂಟಿಮೀಟರ್ ಪಕ್ಕಕ್ಕೆ ಗೇಜ್ ಸರಿಸಿದರೆ 0.6! ಒಂದೇ ಜಾಗದಲ್ಲಿ ಒತ್ತಿದ್ದಕ್ಕೆ ಪೈಪ್ ಹಾವಿನ ಹಾಗೆ ಅತ್ತ ಇತ್ತ ತಿರುವಿಕೊಂಡಿತ್ತು. ಜನ ಇದು ಆಗಲ್ಲ ಅನ್ನೋದು ಬಹುಶಃ ಇಲ್ಲಿಗೆ ಬಂದು ಕೈಬಿಟ್ಟಿದ್ದಕ್ಕೇ ಇರಬೇಕು. ಇದಕ್ಕೆ ಬೆಂಬಲದ ಅಂತರ ಕಮ್ಮಿ ಮಾಡಿ, ಒತ್ತುವ ಜಾಗ ಬದಲಿಸುತ್ತಾ, ಮಧ್ಯದಿಂದ ಹೊರಕ್ಕೆ ಹೋಗಬೇಕು. ಯಾವ ಗೆರೆಯ ಮೇಲೆ ಎಷ್ಟು ಒತ್ತಬೇಕು ಅನ್ನೋದಕ್ಕೆ ನಾನೊಂದು ಲೆಕ್ಕ ಇಟ್ಟುಕೊಂಡಿದ್ದೇನೆ, ಅದು ಇಲ್ಲಿ ಹೇಳಲ್ಲ. ಒತ್ತುವಾಗ ಪೈಪ್ ಚಪ್ಪಟೆ ಆಗದ ಹಾಗೆ ಒಳಗೆ ಏನು ತುಂಬಿದೆ ಅನ್ನೋದನ್ನೂ ಹೇಳಲ್ಲ. ಒಂದೆರಡು ಗುಜರಿ ಪೈಪ್ ಹಾಳು ಮಾಡಿದರೆ ನಿಮಗೇ ಹೊಳೆಯುತ್ತದೆ. ಮೈಕ್ರೋಮೀಟರಿನಲ್ಲಿ ನೋಡಿದಾಗ ದುಂಡಗೆ ಇರುವುದರಲ್ಲಿ 0.03 ವ್ಯತ್ಯಾಸವೂ ಇರಲಿಲ್ಲ ಅಂತ ಮಾತ್ರ ಹೇಳುತ್ತೇನೆ.

ಕೊನೆಗೆ ಎಡದ್ದು 0.12, ಬಲದ್ದು 0.2 ಹತ್ತಿರ. ಅದೂ ಮುಳ್ಳು ಆಡಿದ ಪೂರ್ತಿ ಲೆಕ್ಕ, ಅರ್ಧದ್ದಲ್ಲ. ಲೇತ್‌ನವರಿಗೆ ತೋರಿಸಿದೆ. ಅವರದೇ ಗೇಜ್ ಹಚ್ಚಿ ನೋಡಿ ಸುಮ್ನೆ ವಾಪಸ್ ಕೊಟ್ಟರು.

ಇಷ್ಟೆಲ್ಲ ಮಾಡಿ ಟಿಗೆ ಹಾಕಿದರೆ ಪೈಪುಗಳು ಇನ್ನೂ ಸಮ ಇಲ್ಲ! ಎರಡರ ಮೇಲೂ ಗಾಜಿನ ತುಂಡು ಅಡ್ಡ ಇಟ್ಟರೆ ಒಂದು ಮೂಲೆ ಎದ್ದು ಟಕಟಕ ಅನ್ನುತ್ತಿತ್ತು, ಸಂದು ಒಂದು ಎಂಎಂ ಇರಬಹುದು. ಎಡದ ಪೈಪನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದೆ. ಸಂದು ಅದೇ ಮೂಲೆಯಲ್ಲೇ ಉಳಿಯಿತು. ಪೈಪಿನ ದೋಷ ಆಗಿದ್ದರೆ ಜಾಗ ಬದಲಾಗಬೇಕಿತ್ತಲ್ವಾ? ಅಂದರೆ ಕೆಳಗಿನ ಟಿ ತಿರುಚಿದೆ.

ನನ್ನದು ಎರಕದ ಅಲ್ಯೂಮಿನಿಯಂ ಟಿ. ಅದನ್ನು ನೆಟ್ಟಗೆ ಮಾಡುವ ಗೋಜಿಗೆ ನಾನು ಹೋಗಲ್ಲ, ನೀವೂ ಹೋಗಬೇಡಿ. ಅದು ಹೇಳಿಕೇಳಿ ಬಿರುಕು ಬಿಡಲ್ಲ. ಸೆಕೆಂಡ್ ಹ್ಯಾಂಡ್ ಹುಡುಕಿದೆ. ಮೊದಲು ಸಿಕ್ಕಿದ್ದು ನೋಡೋಕೆ ಹೊಸದರಂತೆ ಇತ್ತು, ಮನೆಗೆ ತಂದು ಗಾಜು ಇಟ್ಟರೆ ಅದೂ ತಿರುಚಿದ್ದೇ. ಮಾರಿದವನು ವಾಪಸ್ ತಗೊಳ್ಳಲ್ಲ ಅಂದ, ಆ ದುಡ್ಡು ನೀರಿಗೆ ಹೋಯಿತು. ಎರಡನೇದಕ್ಕೆ ಹೋಗುವಾಗ ನೆಟ್ಟಗೆ ಮಾಡಿದ ಪೈಪು, ಗಾಜಿನ ತುಂಡು ಎರಡೂ ಚೀಲದಲ್ಲಿ ಹಾಕಿಕೊಂಡು ಹೋದೆ. ಅಲ್ಲೇ ಜೋಡಿಸಿ, ಗಾಜು ಅಲುಗಾಡಲಿಲ್ಲ ಅಂತ ನೋಡಿಯೇ ದುಡ್ಡು ಕೊಟ್ಟೆ.

ಕೋನ್ ಸೆಟ್ ಹೇಗೂ ಹೋಗಿತ್ತು, ಹ್ಯಾಂಡಲ್ ನೇರಕ್ಕೆ ಬಂದಾಗ ಟಕ್ ಅಂತ ಕಚ್ಚುತ್ತಿತ್ತು. ಹೆಡ್ ಪೈಪಿನ ಕೆಳಗಿನ ಕಪ್ (ಬೇರಿಂಗ್ ಕೂರುವ ಬಳೆ) ಬಡಿದರೂ ಬರಲಿಲ್ಲ, ಉಳಿ ಇಡೋಕೆ ಅಂಚೇ ಇಲ್ಲ. ಕಪ್ಪಿನ ಒಳಮೈ ಸುತ್ತ ವೆಲ್ಡಿಂಗ್‌ನ ಒಂದು ಗೆರೆ ಎಳೆಸಿದೆ. ತಣ್ಣಗಾಗುವಾಗ ಕಪ್ ಕುಗ್ಗುತ್ತದೆ, ಎರಡೇ ಏಟಿಗೆ ಕೈಗೆ ಬಂತು. ಹೊಸ ಕಪ್ ಫ್ರೀಜರ್‌ನಲ್ಲಿ ಒಂದು ರಾತ್ರಿ ಇಟ್ಟು ಕೂರಿಸಿದೆ.

ಚಕ್ರ ಸುತ್ತುವಾಗಿನ ಓಲಾಟ ಎರಡು ಎಂಎಂ ಮಿತಿಯೊಳಗೇ ಇತ್ತು, ಆದರೆ ಅಲಾಯ್‌ನಲ್ಲಿ ಕಣ್ಣಿಗೆ ಕಾಣದ ಬಿರುಕು ಇದ್ದರೆ ಅನ್ನೋ ಅನುಮಾನ. ಸೀಮೆಎಣ್ಣೆ ಬಳಿದು, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದೆ. ಬಿರುಕು ಇದ್ದರೆ ಒಳಗಿನ ಎಣ್ಣೆ ಪುಡಿಗೆ ಹತ್ತಿ ಗೆರೆ ಮೂಡುತ್ತದೆ. ಏನೂ ಮೂಡಲಿಲ್ಲ. ಈ ಪರೀಕ್ಷೆ ಕೆಲಸ ಮಾಡುತ್ತದಾ ಅಂತ ನೋಡೋಕೆ ಬಿರುಕು ಇದ್ದದ್ದು ಗೊತ್ತಿರುವ ಹಳೇ ಲಿವರ್ ಬ್ರಾಕೆಟ್ ಒಂದಕ್ಕೂ ಮಾಡಿದೆ. ಅದರಲ್ಲಿ ಕೂದಲಿನಷ್ಟು ಸಣ್ಣ ಗೆರೆ ಚೆನ್ನಾಗಿ ಎದ್ದು ಬಂತು.

ಜೋಡಿಸುವಾಗ ಬಾಟಮ್ ಕೇಸಿನ (ಪೈಪ್ ಒಳಗೆ ಜಾರುವ ಕೆಳಗಿನ ಕೊಳವೆ) ಕೆಳಗಿನ ಅಲನ್ ಬೋಲ್ಟ್ ಒಳಗಿನ ಡ್ಯಾಂಪರ್ ಸಮೇತ ಸುತ್ತುತ್ತಿತ್ತು. ಪೊರಕೆ ಕೋಲಿನ ತುದಿ ಚೂಪು ಮಾಡಿ ಮೇಲಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ. ಆ ಬೋಲ್ಟಿನ ವಾಷರ್ ಹೊಸದೇ ಹಾಕಿ. ಸೀಲ್ ಇಳಿಸುವಾಗ ಪೈಪಿನ ತುದಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಆಯಿಲ್ ಸವರಿದೆ, ಕೂರಿಸೋಕೆ ಅಳತೆಗೆ ಸರಿಯಾದ ಪಿವಿಸಿ ಪೈಪ್. ಕ್ರೋಮ್ ಮೇಲೆ ಕಲ್ಲು ಬಡಿದ ಒಂದು ಗುಳಿ ಇತ್ತು. ಅದಕ್ಕೆ ಎಪಾಕ್ಸಿ ತುಂಬಿ, ಒಣಗಿದ ಮೇಲೆ 2000 ನಂಬರ್ ಪೇಪರಿನಲ್ಲಿ ಉಗುರಿಗೆ ತಗುಲದ ಹಾಗೆ ಸಮ ಮಾಡಿದೆ.

ಆಯಿಲ್ ವಿಷಯದಲ್ಲಿ ಸ್ವಲ್ಪ ಆಟ ಆಡಿದೆ. 10 ಗ್ರೇಡು, 15 ಗ್ರೇಡು ಅರ್ಧರ್ಧ ಬೆರೆಸಿದೆ, ಫೋರ್ಕಿನ ಒಂದೊಂದು ಕಾಲಿಗೆ 170 ಎಂಎಲ್ ಸುಮಾರು. ಬ್ರೇಕ್ ಹಿಡಿದಾಗ ಮುಂಭಾಗ ಮೊದಲಿನಷ್ಟು ಕುಸಿಯುತ್ತಿರಲಿಲ್ಲ, ಆದರೆ ಸಣ್ಣ ಗುಂಡಿಗಳು ಅಂಗೈಗೆ ನೇರ ಹೊಡೆಯುತ್ತಿದ್ದವು. ತಿಂಗಳಾದ ಮೇಲೆ ಪೂರ್ತಿ 10ಕ್ಕೇ ಬಂದೆ. ಎರಡೂ ಕಾಲಿಗೆ ಮಟ್ಟ ಒಂದೇ ಇರಲಿ. ಸ್ಪ್ರಿಂಗ್ ತೆಗೆದು, ಪೈಪ್ ಪೂರ್ತಿ ಕೆಳಗಿಳಿಸಿ, ಮೇಲಿನ ಅಂಚಿನಿಂದ ಅಳೆದು, ಜಾಸ್ತಿ ಆದದ್ದನ್ನು ಸಿರಿಂಜಿನಲ್ಲಿ ಎಳೆಯೋದು ಸುಲಭ.

ಆಕ್ಸಲ್ ಹೊಸದು. ಕೈಬೆರಳಿನಲ್ಲಿ ತಳ್ಳಿದರೆ ಎರಡೂ ಕೇಸಿನ ಮೂಲಕ ಜಾರಿ ಹೋಗಬೇಕು. ಸುತ್ತಿಗೆ ಬೇಕಾಯಿತು ಅಂದರೆ ಇನ್ನೂ ಏನೋ ಸೊಟ್ಟ ಇದೆ. ನನ್ನದು ಎರಡು ಬೆರಳಿಗೆ ಹೋಯಿತು. ಫೋರ್ಕ್ ನಾಲ್ಕಾರು ಸಲ ಕುಣಿಸಿ, ಅದು ತಾನಾಗಿ ಕೂತ ಮೇಲೆ ಕೊನೆಯ ಬೋಲ್ಟುಗಳನ್ನು ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿದೆ. ಬ್ರೇಕ್ ಡಿಸ್ಕಿನ ಓಲಾಟವನ್ನೂ ನೋಡಿಕೊಂಡೆ, 0.3 ಎಂಎಂ ಮಿತಿ, ಅದರೊಳಗೇ ಇತ್ತು. ಹಿಂದಿನ ಚಕ್ರದಿಂದ ಮುಂದಕ್ಕೆ ದಾರ ಎಳೆದು ನೋಡಿದರೆ ಎರಡೂ ಕಡೆ ಸಂದು ಒಂದೇ ಸಮ.

ದುಡ್ಡಿನ ಲೆಕ್ಕ: ನೀರಿಗೆ ಹೋದ ಆ ಮೊದಲ ಟಿಯನ್ನೂ ಸೇರಿಸಿ, ಎಸ್ಟಿಮೇಟಿನ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ದೊಡ್ಡ ಪಾಲು ಎರಡು ಟಿಗಳದ್ದು. ಡಯಲ್ ಗೇಜ್, ಜಾಕ್ ಲೆಕ್ಕಕ್ಕೆ ಹಿಡಿದಿಲ್ಲ, ಅವು ಮನೆಯಲ್ಲೇ ಇರುತ್ತವೆ ಬಿಡಿ.

ಮೊದಲ ಒಂದು ಸಾವಿರ ಕಿಲೋಮೀಟರ್ ಆದ ಮೇಲೆ ಪೈಪುಗಳನ್ನು ಮತ್ತೆ ಬಿಚ್ಚಿ ಅದೇ ರೋಲರ್ ಮೇಲೆ ತಿರುಗಿಸಿದೆ. ಬಲದ್ದು ಕೂದಲೆಳೆ ಬದಲಾಗಿತ್ತು, 0.2 ಇದ್ದದ್ದು 0.22 ಇರಬಹುದು. ಮೊನ್ನೆ ನೋಡಿದಾಗಲೂ ಅಷ್ಟೇ. ಯುಎಸ್‌ಡಿ (ತಲೆಕೆಳಗಾಗಿ ಜೋಡಿಸಿದ) ಫೋರ್ಕಿಗೆ ಇದು ಆಗುತ್ತಾ ಅಂತ ಕೇಳಬೇಡಿ, ನಾನು ಮಾಡಿಲ್ಲ. ಯಾರಾದರೂ ಬಾಗಿದ ಸೆಟ್ ಎಸೆಯುವವರಿದ್ದರೆ ನನಗೆ ಕೊಡಿ, ಜಾಕ್ ಖಾಲಿಯೇ ಇದೆ.