ಮಾತಿನ ತುದಿಯಿಂದ ಏಳುವ ಹಾಡು

ನಾನು ಮೊದಲ ಸಲ ಸ್ಟೇಜಿನ ಮೇಲೆ ಒಬ್ಬಳೇ ಹಾಡಿದ್ದು ಬನಶಂಕರಿ ಜಾತ್ರೆಯಲ್ಲಿ. 1987ರ ಜನವರಿ. ನನಗಾಗ 15 ವರ್ಷ. ಬಾದಾಮಿ ಪಕ್ಕದ ಚೊಳಚಗುಡ್ಡದಲ್ಲಿ ಬನದ ಹುಣ್ಣಿಮೆಗೆ ತೇರು ಎಳೆಯುತ್ತಾರೆ. ತೇರು ಮುಗಿದರೂ ಜಾತ್ರೆ ಮುಗಿಯುವುದಿಲ್ಲ. ಅಲ್ಲಿಂದ ಹೆಚ್ಚುಕಡಿಮೆ ಒಂದು ತಿಂಗಳು ನಾಟಕಗಳದ್ದೇ ಜಾತ್ರೆ. ತಗಡಿನ ಥೇಟರುಗಳು ಸಾಲಾಗಿ ನಿಂತಿರುತ್ತವೆ. ಈ ನಾಟಕ ಕಂಪನಿಯ ಕುಣಿತದ ಹಾಡು ಆ ಕಂಪನಿಯ ಅಳುವ ಪ್ರವೇಶದೊಳಗೆ, ಅಂದರೆ ದೃಶ್ಯದೊಳಗೆ, ನುಗ್ಗುತ್ತದೆ. ಅಷ್ಟರ ನಡುವೆ ಮಂದಿಯನ್ನು ಹಿಡಿದು ಕೂರಿಸಬೇಕು.

ನನ್ನದು ಸಣ್ಣ ಹಾಡು. ಅಣ್ಣ ಮನೆ ಬಿಟ್ಟು ಹೊರಟಾಗ ತಂಗಿ ಹಾಡುವುದು. ಎರಡೇ ನುಡಿ. ನಾನು ಮಾತು ಹೇಳಿ ಮುಗಿಸಿದೆ. ನಿಂತೆ. ಉಗುಳು ನುಂಗಿದೆ. ಮೇಲಿಂದ ಇಳಿಬಿಟ್ಟ ಮೈಕಿನ ಕೆಳಗೆ ಬಂದೆ. ಪೇಟಿ, ಅಂದರೆ ಹಾರ್ಮೋನಿಯಂ, ಕಡೆ ನೋಡಿದೆ. ಆಮೇಲೆ ಹಾಡಿದೆ. ಸುರ ಎಲ್ಲೂ ತಪ್ಪಲಿಲ್ಲ. ಆದರೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ಶೇಂಗಾ ಸುಲಿಯುವ ಸದ್ದು ಕೇಳಿತು.

ನಮ್ಮ ಪೇಟಿ ಮಾಸ್ತರಿಗೆ ಕಣ್ಣು ಕಾಣುತ್ತಿರಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಲ್ಲಿ ಎಷ್ಟು ಅಂಧ ಮಕ್ಕಳಿಗೆ ಸಂಗೀತ ಕೊಟ್ಟರೋ ಲೆಕ್ಕವಿಲ್ಲ. ಪುಟ್ಟರಾಜರು ನಾಟಕ ಕಂಪನಿಯನ್ನೂ ಕಟ್ಟಿ ನಡೆಸಿದವರು. ಹಾಗಾಗಿ ಅಲ್ಲಿಂದ ಬಂದ ಮಾಸ್ತರಿಗೆ ರಾಗವೂ ಗೊತ್ತಿತ್ತು, ನಾಟಕವೂ ಗೊತ್ತಿತ್ತು. ನಮ್ಮ ಮಾಸ್ತರು ಕಾಲಪೇಟಿ ತುಳಿಯುತ್ತ ಎಲ್ಲವನ್ನೂ ಕಿವಿಯಿಂದಲೇ ನೋಡುತ್ತಿದ್ದರು. ಯಾವ ಪಾತ್ರ ಎಲ್ಲಿ ನಿಂತಿದೆ ಎಂದು ಬಳೆ ಸದ್ದಿನಲ್ಲಿ, ಹಲಗೆಯ ಮೇಲಿನ ಹೆಜ್ಜೆ ಸದ್ದಿನಲ್ಲಿ ಹೇಳುತ್ತಿದ್ದರು.

ಆಟ ಮುಗಿದ ಮೇಲೆ ಕರೆದರು. "ಹಾಡು ಚಲೋ ಅದ ಯವ್ವಾ. ಆದ್ರ ನೀ ಮಾತು ಮುಗಿಸಿ ಬಾಗಲಾ ಹಾಕ್ದಿ. ಮತ್ತ ಬಾಗಲಾ ತಗದು ಹಾಡಾಕ ಬಂದಿ. ಮಂದಿ ಹೊರಗ ಉಳದ್ರು ನೋಡು" ಅಂದರು.

ಮರುದಿನದಿಂದ ಪಾಠ ಶುರುವಾಯಿತು. ಹಾಡು ಹೇಳಿಸಲೇ ಇಲ್ಲ. ಬರೀ ಮಾತು ಹೇಳಿಸಿದರು. ಹಾಡಿಗಿಂತ ನಾಲ್ಕು ಮಾತು ಮುಂಚೆಯೇ ಮೆಲ್ಲಗೆ ಷಡ್ಜ, ಅಂದರೆ 'ಸ', ಒತ್ತುತ್ತಿದ್ದರು. ನಾನು ಮಾತಾಡುತ್ತಲೇ ದನಿಯನ್ನು ಆ ಷಡ್ಜದ ಹತ್ತಿರಕ್ಕೆ ತರಬೇಕು. ಕೊನೇ ಮಾತಿನ ಕೊನೇ ಅಕ್ಷರ ಸರಿಯಾಗಿ ಅದರ ಮೇಲೆ ಬೀಳಬೇಕು. "ಹೋಗಬ್ಯಾಡೋ ಅಣ್ಣಾ" ಎನ್ನುವಾಗ ಆ 'ಣ್ಣಾ' ಇನ್ನೂ ಗಾಳಿಯಲ್ಲಿ ಇರುವಾಗಲೇ ಹಾಡು ಅದರೊಳಗಿಂದ ಏಳಬೇಕು. ಕೇಳುವವರಿಗೆ ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಎಂದು ತಿಳಿಯಬಾರದು. ಇದನ್ನೇ ಅವರು 'ಎತ್ತುವುದು' ಎನ್ನುತ್ತಿದ್ದರು.

ಹೇಳಲು ಸುಲಭ. ನನಗೆ ಮೂರು ವಾರ ಹಿಡಿಯಿತು. ತೊಡಕು ಉಸಿರಿನಲ್ಲಿತ್ತು. ಮಾತು ಮುಗಿದ ಮೇಲೆ ಉಸಿರು ಎಳೆದುಕೊಂಡರೆ ಅಲ್ಲೇ ಬಾಗಿಲು ಹಾಕಿದ ಹಾಗೆ. ಅದಕ್ಕೆ ಕೊನೇ ಮಾತಿನ ಹಿಂದಿನ ಮಾತಿನಲ್ಲೇ ಉಸಿರು ತುಂಬಿಕೊಳ್ಳಬೇಕು. ಅಳುವ ಪ್ರವೇಶವಾದರೆ ಒಂದು ಬಿಕ್ಕಿನಲ್ಲಿ ಅದು ಮುಚ್ಚಿಹೋಗುತ್ತದೆ. ಸಿಟ್ಟಿನ ಪ್ರವೇಶವಾದರೆ ತಿರುಗಿ ನಿಲ್ಲುವ ಹೊತ್ತಿನಲ್ಲಿ ತೆಗೆದುಕೊಳ್ಳಬಹುದು. ಕಾಲೂ ಅಷ್ಟೇ. ಮಾತು ಮುಗಿದ ಮೇಲೆ ಮೈಕಿನ ಕೆಳಗೆ ಹೋಗಬಾರದು. ಮಾತಾಡುತ್ತಲೇ ಅಲ್ಲಿಗೆ ಸೇರಿರಬೇಕು. ನಾನು ಬೆಳಿಗ್ಗೆ ಖಾಲಿ ಥೇಟರಿನಲ್ಲಿ ಹೆಜ್ಜೆ ಎಣಿಸುತ್ತಿದ್ದೆ. ಸ್ಟೇಜಿನ ಎಡ ಮಗ್ಗುಲಿನ ಮರೆ, ಅಂದರೆ ಎಡ ವಿಂಗಿನಿಂದ ನಡುವಿನ ಮೈಕಿಗೆ ಏಳು ಹೆಜ್ಜೆ.

ಬನಶಂಕರಿಯ ಆ ಕ್ಯಾಂಪಿನ, ಅಂದರೆ ಬೀಡಿನ, ಕೊನೇ ವಾರ ಅದೇ ಹಾಡಿಗೆ ಮೊದಲ 'ಒನ್ಸ್ ಮೋರ್' ಬಂತು. ಒನ್ಸ್ ಮೋರ್ ಬಂದಾಗ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಮಾಸ್ತರು ಪೇಟಿಯಲ್ಲಿ ಕೊನೇ ಮಾತಿನ ಸುರವನ್ನೇ ಹಿಡಿದು ನಿಂತರು. ನಾನು ಆ ಒಂದು ಮಾತನ್ನು ಮತ್ತೆ ಹೇಳಿ, ಅಲ್ಲಿಂದ ಎರಡನೇ ನುಡಿ ಮಾತ್ರ ಹಾಡಿದೆ. ಈಗಲೂ ಹಾಗೇ ಮಾಡುತ್ತೇನೆ. ಪೂರ್ತಿ ಹಾಡು ಮತ್ತೆ ಹಾಡಿದರೆ ಪ್ರವೇಶ ತಣ್ಣಗಾಗುತ್ತದೆ.

ಶ್ರುತಿಯ ಮಾತು ಹೇಳಲೇಬೇಕು. ಇದರಿಂದ ಎಷ್ಟೋ ಹೆಣ್ಣುಮಕ್ಕಳ ಗಂಟಲು ಹಾಳಾಗಿದೆ. ನನ್ನ ಶ್ರುತಿ, ಅಂದರೆ ನಾನು 'ಸ' ಇಟ್ಟುಕೊಳ್ಳುವ ಜಾಗ, ಕರಿ ನಾಕು, ಪೇಟಿಯ ಸಪ್ತಕದ ನಾಲ್ಕನೇ ಕರಿ ಕೀ. ನಾಯಕನ ಪಾತ್ರದವರದು ಸಾಮಾನ್ಯವಾಗಿ ಕರಿ ಎರಡು. ಇಬ್ಬರೂ ಸೇರಿ ಹಾಡುವಾಗ ಪೇಟಿ ಅವರ ಶ್ರುತಿಯಲ್ಲೇ ಇರುತ್ತಿತ್ತು. ಅಲ್ಲಿ ನನ್ನ ಕೆಳಗಿನ ಸುರ ಕೇಳುತ್ತಲೇ ಇರಲಿಲ್ಲ. ಮೇಲಿನ ಸಪ್ತಕಕ್ಕೆ ಹೋದರೆ ಕಿರುಚಿದ ಹಾಗೆ. ಕೇಳಿಸಲಿ ಎಂದು ಒತ್ತಿ ಹಾಡಿ ಒಮ್ಮೆ ಹತ್ತು ದಿನ ದನಿಯೇ ಹೋಗಿತ್ತು. ಆಮೇಲೆ ಮಾಸ್ತರು ದಾರಿ ತೋರಿಸಿದರು. ಕರಿ ಎರಡರ ಮಧ್ಯಮ, ಅಂದರೆ 'ಮ', ಕರಿ ನಾಕೇ. ಅವರ ಸಾಲು ಮುಗಿದು ನನ್ನ ಸಾಲು ಬರುವಾಗ ಅವರ ಮಧ್ಯಮವನ್ನೇ ನನ್ನ ಷಡ್ಜ ಮಾಡಿಕೊಂಡರೆ ಆಯಿತು. ಪೇಟಿಯವರಿಗೆ ಕೈ ಬದಲಿಸಲು ಒಂದು ಗಳಿಗೆ ಸಾಕು. ಹಾಡುವ ಹುಡುಗಿಯರು ಇದನ್ನು ಕೇಳಿ ಪಡೆಯಬೇಕು. ಸಂಕೋಚ ಬೇಡ.

ನಮ್ಮ ಸೀಮೆಯ ಹೆಣ್ಣುಮಕ್ಕಳು ಸ್ಟೇಜಿಗೆ ಬಂದದ್ದೇ ದೊಡ್ಡ ಕಥೆ. ಮೊದಲು ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ನೂರು ದಾಟಿ ಬದುಕಿದ ಏಣಗಿ ಬಾಳಪ್ಪನವರು ಹರೆಯದಲ್ಲಿ ಹೆಣ್ಣಿನ ಪಾತ್ರಕ್ಕೆ ಹೆಸರಾದವರು. ಮರಾಠಿಯಲ್ಲಿ ಬಾಲಗಂಧರ್ವರು ಸೀರೆ ಉಟ್ಟು ಹಾಡಿದರೆ ಆ ಸೀರೆಯೇ ಊರಿನ ಹೆಂಗಸರಿಗೆ ಮಾದರಿ ಆಗುತ್ತಿತ್ತಂತೆ. ಅದೇ ಬಾಲಗಂಧರ್ವರ ಕಂಪನಿಗೆ ಮುಂದೆ ನಟಿಯಾಗಿ ಹೋದವರು ನಮ್ಮ ಬೀಳಗಿಯ ಗೋಹರಬಾಯಿ. ಅವರ ತಂಗಿ ಅಮೀರಬಾಯಿ ಕರ್ನಾಟಕಿ. ನಾಟಕದಿಂದ ಸಿನಿಮಾಕ್ಕೆ ಹೋಗಿ, 1943ರ ಹಿಂದಿ ಚಿತ್ರ 'ಕಿಸ್ಮತ್'ನ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದರು. ನಮ್ಮ ಊರಿನಿಂದ ಬೀಳಗಿ ಬಸ್ಸಿನಲ್ಲಿ ಅರ್ಧ ಗಂಟೆ. ನಮ್ಮ ಅಜ್ಜಿ ಅವರಿಬ್ಬರ ಹೆಸರನ್ನು ಮನೆಯವರ ಹೆಸರಿನ ಹಾಗೆ ಹೇಳುತ್ತಿದ್ದಳು. ನಾನು ಕಂಪನಿ ಸೇರುತ್ತೇನೆ ಎಂದಾಗ ಎಲ್ಲರೂ ಬೇಡ ಎಂದರು. ಅಜ್ಜಿ ಒಬ್ಬಳೇ ಹೋಗು ಎಂದಳು.

ಬೇಡ ಎಂದವರಿಗೂ ಕಾರಣ ಇತ್ತು. ಒಂದು ಊರಿನ ಕ್ಯಾಂಪಿನಲ್ಲಿ ನಾಟಕದವಳು ಎಂದು ಮೂರು ಮನೆಯವರು ಬಾಡಿಗೆಗೆ ಕೊಡಲಿಲ್ಲ. ಕೊನೆಗೆ ಥೇಟರಿನ ಹಿಂದಿನ ತಟ್ಟಿಯ ಕೋಣೆಯಲ್ಲೇ ಉಳಿದೆ. ನನ್ನ ಮಗಳು ಬೆಳೆದದ್ದೂ ಅಂಥ ಕೋಣೆಗಳಲ್ಲೇ. ಸೀರೆಗಳ ದೊಡ್ಡ ಪೆಟ್ಟಿಗೆಯೇ ಅವಳ ತೊಟ್ಟಿಲು. ಆಟ ಶುರುವಾಗುವ ಮೂರನೇ ಗಂಟೆ ಹೊಡೆಯುವ ಮುಂಚೆ ಹಾಲು ಕುಡಿಸಿ ಮಲಗಿಸಿ ಹೋಗುತ್ತಿದ್ದೆ. ಯಾರ ಪ್ರವೇಶ ಇರುವುದಿಲ್ಲವೋ ಅವರು ನೋಡಿಕೊಳ್ಳುತ್ತಿದ್ದರು. ಖಳನ ಪಾತ್ರ ಮಾಡುವ ಕಾಕಾ ಅವಳನ್ನು ಎಲ್ಲರಿಗಿಂತ ಚೆನ್ನಾಗಿ ಮಲಗಿಸುತ್ತಿದ್ದರು.

ಹನ್ನೊಂದು ವರ್ಷ ಕಂಪನಿಯಲ್ಲಿದ್ದು ಆಮೇಲೆ ಹೊಸಪೇಟೆ ಕಡೆ ಬಂದೆ. ಅಲ್ಲಿ ಮರಿಯಮ್ಮನಹಳ್ಳಿ ಎಂದರೆ ನಟಿಯರ ಊರು. ಹಳ್ಳಿಗಳಲ್ಲಿ ಹಬ್ಬಕ್ಕೆ, ಜಾತ್ರೆಗೆ ನಾಟಕ ಆಡುತ್ತಾರಲ್ಲ, ಅವಕ್ಕೆ ನಟಿಯರು ಇಲ್ಲಿಂದ ಹೋಗುತ್ತಾರೆ. ಊರಿನ ಗಂಡಸರು ಪಾತ್ರಕ್ಕೆ ಇಷ್ಟು ಎಂದು ವಂತಿಗೆ ಹಾಕಿ, ತಿಂಗಳುಗಟ್ಟಲೆ ತಾಲೀಮು ಮಾಡಿರುತ್ತಾರೆ. ನಾವು ಅದೇ ದಿನ ಸಂಜೆ ಬಸ್ ಇಳಿದು, ರಾತ್ರಿಯೆಲ್ಲ ಪಾತ್ರ ಮಾಡಿ, ಬೆಳಿಗ್ಗೆ ಮೊದಲ ಬಸ್ ಹತ್ತುತ್ತೇವೆ.

ಅಲ್ಲಿ ನನಗೆ ಹೆಚ್ಚು ಸಿಕ್ಕ ಪಾತ್ರ ದ್ರೌಪದಿ. ಕಂದಗಲ್ ಹನುಮಂತರಾಯರ 'ರಕ್ತರಾತ್ರಿ'ಯ ದ್ರೌಪದಿ. ಮಲಗಿದ್ದ ಮಕ್ಕಳನ್ನು ಅಶ್ವತ್ಥಾಮ ಕೊಂದ ರಾತ್ರಿಯ ಕಥೆ ಅದು. ಬಳ್ಳಾರಿ ಸೀಮೆಯಲ್ಲಿ ಆ ಪಾತ್ರ ಎಂದರೆ ಸುಭದ್ರಮ್ಮ ಮನ್ಸೂರ್. ಅವರನ್ನು ನೋಡಿದ ಮಂದಿಯ ಮುಂದೆ ಅದೇ ಪಾತ್ರಕ್ಕೆ ನಿಲ್ಲುವುದು ಎಂದರೆ ಕೈಕಾಲು ನಡುಗುತ್ತಿತ್ತು. ಅವರು ಪದ್ಯ ಹೇಳುವುದನ್ನು ನಾನು ಎರಡು ಸಲ ಮುಂದೆ ಕೂತು ಕೇಳಿದ್ದೇನೆ. ರಾಗ ಎಷ್ಟೇ ಮೇಲೆ ಹೋದರೂ ಒಂದು ಅಕ್ಷರ ನುಂಗುತ್ತಿರಲಿಲ್ಲ. 2020ರಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ನಾನು ಮನೆಯಲ್ಲಿ ಆ ಪದ್ಯಗಳನ್ನೆಲ್ಲ ಹೇಳಿಕೊಂಡು ಕೂತಿದ್ದೆ.

ಪದ್ಯ ಹಾಡಿಗಿಂತ ಕಷ್ಟ. ಅದಕ್ಕೆ ತಾಳ ಇಲ್ಲ. ತಬಲಾ ಸುಮ್ನೆ ಇರುತ್ತದೆ. ಪೇಟಿ ನಮ್ಮ ಹಿಂದೆ ಬರುತ್ತದೆ. ಎಲ್ಲಿ ಎಳೆಯಬೇಕು, ಎಲ್ಲಿ ತಟ್ಟನೆ ಬಿಡಬೇಕು, ಎಲ್ಲ ನಮ್ಮದೇ. ಹೊಸಬರು ಸಾಲಿನ ಕೊನೆಯಲ್ಲಿ ಎಳೆಯುತ್ತಾರೆ, ಅಲ್ಲಿ ಆಲಾಪಕ್ಕೆ ಜಾಗ ಸಿಗುತ್ತದೆ ಎಂದು. ನಾನು ನೋವಿರುವ ಪದವನ್ನು ಎಳೆಯುತ್ತೇನೆ. 'ಮಕ್ಕಳು' ಎಂಬ ಪದ ಸಾಲಿನ ನಡುವೆ ಇದ್ದರೆ ನಡುವೆಯೇ ನಿಲ್ಲುತ್ತೇನೆ. ಪೇಟಿಯವರಿಗೆ ಅದನ್ನು ಮೊದಲೇ ಹೇಳಿರಬೇಕು. ಅದಕ್ಕೆ ಊರಿಗೆ ಹೋದ ಕೂಡಲೇ ಊಟಕ್ಕೂ ಮುಂಚೆ ಪೇಟಿ ಮುಂದೆ ಅರ್ಧ ಗಂಟೆ ಕೂರುತ್ತೇನೆ. "ಮಾಸ್ತರ, ಭೀಮನ ಪಾತ್ರದವರ ಶ್ರುತಿ ಯಾವುದ್ರೀ?" ಎಂದು ಮೊದಲು ಕೇಳುತ್ತೇನೆ.

ಆಮೇಲೆ ಏಳು ಗಂಟೆಯೊಳಗೆ ಊಟ. ಅನ್ನ, ತಿಳಿಸಾರು, ಅಷ್ಟೇ. ರೊಟ್ಟಿ ಕಟ್ಟಿಸಿಕೊಂಡು ಬೆಳಿಗ್ಗೆ ತಿನ್ನುತ್ತೇನೆ. ರಾತ್ರಿ ಎರಡರ ನಂತರ ಮಂಜು ಬೀಳುತ್ತದೆ. ಆಗ ತಬಲಾದ ಶ್ರುತಿ ಇಳಿಯುತ್ತದೆ, ದನಿಯೂ ಇಳಿಯುತ್ತದೆ. ಜೇಷ್ಠಮಧು ಬಾಯಲ್ಲಿ ಇಟ್ಟುಕೊಂಡು, ತಲೆಗೆ ಸೆರಗು ಸುತ್ತಿಕೊಂಡು, ಪರದೆಯ ಹಿಂದೆ ಮಂದ್ರದಲ್ಲಿ, ಅಂದರೆ ಕೆಳಗಿನ ಸಪ್ತಕದಲ್ಲಿ, ಸಣ್ಣಗೆ ಗುನುಗುತ್ತ ಇರುತ್ತೇನೆ. ದ್ರೌಪದಿಯ ದೊಡ್ಡ ಪ್ರವೇಶ ಬರುವುದು ಆ ಹೊತ್ತಿಗೇ.

ಈಗ ಮನೆಯಲ್ಲಿ ನಾಲ್ಕು ಹುಡುಗಿಯರಿಗೆ ಕಲಿಸುತ್ತಿದ್ದೇನೆ. ಅವರೆಲ್ಲ ಮೊಬೈಲಿನ ಟ್ರ್ಯಾಕ್ ಹಾಕಿಕೊಂಡು ಹಾಡಿ ಬಂದವರು. ದನಿ ಚೆನ್ನಾಗಿದೆ, ಸುರ ಗಟ್ಟಿ ಇದೆ. ಆದರೆ ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ, ಅಲ್ವಾ? ಅದಕ್ಕೆ ಅವರು ಮಾತು ಮುಗಿಸಿ, ನಿಂತು, ಸಂಗೀತ ಬರಲಿ ಎಂದು ಕಾಯುತ್ತಾರೆ. ನಾನು ಮೊಬೈಲ್ ತೆಗೆದಿಟ್ಟು ಪೇಟಿ ಮುಂದೆ ಕೂರಿಸಿಕೊಳ್ಳುತ್ತೇನೆ. ಮೊದಲ ತಿಂಗಳು ಹಾಡು ಹೇಳಿಸುವುದಿಲ್ಲ.

ಹೋದ ಜಾತ್ರೆಯಲ್ಲಿ ಅವರಲ್ಲೊಬ್ಬಳು ಬನಶಂಕರಿಯಲ್ಲಿ ಪಾತ್ರ ಮಾಡಿದಳು. ನಾನು ವಿಂಗಿನಲ್ಲಿ ನಿಂತಿದ್ದೆ. ಪಕ್ಕದ ಥೇಟರಿನಿಂದ ಡ್ರಮ್ಮಿನ ಸದ್ದು ಬರುತ್ತಿತ್ತು. ಅವಳು ಮಾತಾಡುತ್ತಲೇ ನಡುವಿನ ಮೈಕಿಗೆ ಬಂದಳು. ಕೊನೇ ಮಾತಿನ ಹಿಂದಿನ ಮಾತಿಗೆ ಒಂದು ಬಿಕ್ಕು ಹಾಕಿದಳು. ಉಸಿರು ತುಂಬಿಕೊಂಡಳು ಎಂದು ನನಗೆ ಗೊತ್ತಾಯಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹಾಡು ಆಗಲೇ ಶುರುವಾಗಿತ್ತು.