ಅಪಾರ್ಟ್‌ಮೆಂಟಿನ ಅಗ್ನಿ ನಿಧಿ: ಯಾರು ಎಷ್ಟು ಕೊಡಬೇಕು?

ಗಣೇಶನ ಹಬ್ಬಕ್ಕೆ ಚಂದಾ ಎತ್ತಿದ ಹಾಗೆ ಫೈರ್ ಸೇಫ್ಟಿಗೆ ದುಡ್ಡು ಎತ್ತಬೇಡಿ. ಬನಶಂಕರಿಯ ನಮ್ಮ ಅಪಾರ್ಟ್‌ಮೆಂಟ್ ಸಂಘದಲ್ಲಿ ಖಜಾಂಚಿಯಾಗಿ ಕೂತವಳು ನಾನು, ಇದೊಂದನ್ನು ಮಾತ್ರ ಜೋರಾಗಿಯೇ ಹೇಳುತ್ತೇನೆ. ದುಡ್ಡು ಮನುಷ್ಯರ ಮೇಲಲ್ಲ, ಮನೆಯ ಮೇಲೆ ಬೀಳಬೇಕು. ಮಾಲೀಕರು ಮನೆ ಮಾರಿ ಹೋಗಲಿ, ಬಾಡಿಗೆಗೆ ಕೊಟ್ಟು ದುಬೈ ಸೇರಲಿ, ಬಾಕಿ ಆ ಮನೆಯ ಲೆಕ್ಕದಲ್ಲೇ ಇರಬೇಕು.

ಅಮೆರಿಕದ ಎಷ್ಟೋ ಸಣ್ಣ ಊರುಗಳು ತಮ್ಮ ಅಗ್ನಿಶಾಮಕ ದಳವನ್ನು ನಡೆಸುವುದೇ ಹೀಗೆ. ಪ್ರತಿ ಸೈಟಿನ ಮೇಲೆ ಒಂದು ಪಾಲು ಹಾಕಿ, ಆಸ್ತಿ ತೆರಿಗೆ ಬಿಲ್ಲಿನ ಜೊತೆಗೇ ವಸೂಲು ಮಾಡುತ್ತಾರೆ. ಕ್ಯಾಲಿಫೋರ್ನಿಯಾದ ಮತದಾರರು 1996ರಲ್ಲಿ ಇದಕ್ಕೊಂದು ಕಡಿವಾಣವನ್ನೂ ಹಾಕಿದರು: ಮೊದಲು ಎಂಜಿನಿಯರ್ ವರದಿ, ಸಭೆಗೆ ಕನಿಷ್ಠ 45 ದಿನ ಮುಂಚೆ ಮಾಲೀಕರಿಗೆ ಅಂಚೆಯಲ್ಲಿ ನೋಟಿಸು ಮತ್ತು ಮತಪತ್ರ. ಹೆಚ್ಚು ಕೊಡುವವರ ಮತಕ್ಕೆ ತೂಕವೂ ಹೆಚ್ಚು.

ನಮ್ಮಲ್ಲಿ ದಳ ಸರ್ಕಾರದ್ದು. ಆದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಅವರ ಗಾಡಿ ಬರುವ ತನಕ ನಿಮಗಿರುವುದು ನಿಮ್ಮ ಕಟ್ಟಡದ ಪಂಪು, ಸಂಪು, ಮೆಟ್ಟಿಲು, ಅಷ್ಟೇ.

ಮೊದಲು ಖರ್ಚನ್ನು ಎರಡು ಪಟ್ಟಿ ಮಾಡಿ. ಪಂಪಿನ ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ), ಬೆಂಕಿ ನಂದಿಸುವ ಸಿಲಿಂಡರ್ ರೀಫಿಲ್, ಅಲಾರಂ ಬ್ಯಾಟರಿ, ಡೀಸೆಲ್, ಇವು ವರ್ಷವರ್ಷದ್ದು. ಹೈಡ್ರಂಟ್ ಪೈಪು ತುಕ್ಕು ಹಿಡಿದು ಬದಲಿಸುವುದು, ಹೊಸ ಪಂಪು, ಇವು ಯಾವಾಗಲೋ ಬರುವ ದೊಡ್ಡ ಖರ್ಚು. ಎರಡನೆಯದಕ್ಕೆ ಈಗಿನಿಂದಲೇ ಎತ್ತಿಡಿ. ಇಲ್ಲದಿದ್ದರೆ ಕಮಿಟಿ ಲಿಫ್ಟಿಗೋ ಪೇಂಟಿಗೋ ಕೈ ಹಾಕಿ ಖಾಲಿ ಮಾಡುತ್ತದೆ. ಹಾಗಾಗಿ ಬೇರೆ ಬ್ಯಾಂಕ್ ಖಾತೆ, ಇಬ್ಬರ ಸಹಿ.

ಇನ್ನು ಹಂಚಿಕೆ. ಜಗಳ ಆಗುವುದೇ ಇಲ್ಲಿ. 40 ಮನೆ, ಒಟ್ಟು 48,000 ಚದರಡಿ, ವರ್ಷಕ್ಕೆ 1,44,000 ರೂಪಾಯಿ ಬೇಕು ಅಂದುಕೊಳ್ಳಿ. ಚದರಡಿಗೆ 3 ರೂಪಾಯಿ ಬಿತ್ತು. 900 ಚದರಡಿಯವರು 2,700, 1,800ರವರು 5,400. ಸಮಪಾಲಾದರೆ ಎಲ್ಲರೂ 3,600 ಕೊಡಬೇಕಾಗುತ್ತಿತ್ತು, ಸಣ್ಣ ಮನೆಯವರಿಗೆ ಅನ್ಯಾಯ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯೂ ಸಾಮಾನ್ಯ ಖರ್ಚನ್ನು ಅವಿಭಜಿತ ಪಾಲಿನ ಪ್ರಕಾರ, ಅಂದರೆ ಎಲ್ಲರಿಗೂ ಸೇರಿದ ಜಾಗದಲ್ಲಿ ಪ್ರತಿ ಮನೆಗಿರುವ ಪಾಲು, ನಾವು ಯುಡಿಎಸ್ ಅನ್ನುತ್ತೇವಲ್ಲ ಅದರ ಪ್ರಕಾರ, ಹಂಚಿ ಅನ್ನುತ್ತದೆ. ಬಾಕಿ ಉಳಿದರೆ ಅದು ಆ ಮನೆಯ ಮೇಲಿನ ಋಣಭಾರ. ಸರ್ಕಾರಿ ತೆರಿಗೆ, ಮೊದಲ ಅಡಮಾನ ಬಿಟ್ಟರೆ ವಸೂಲಿಯಲ್ಲಿ ಮೊದಲ ಸರದಿ ಇದರದ್ದೇ. ನಿಮ್ಮ ಸಂಘ ಸೊಸೈಟಿ ಕಾಯ್ದೆಯಡಿ ಮಾತ್ರ ನೋಂದಣಿಯಾಗಿದ್ದರೆ ಈ ಬಲ ತಾನಾಗಿ ಬರುವುದಿಲ್ಲ. ಆಗ ಬೈಲಾದಲ್ಲೇ ಬರೆಸಿ, ವಕೀಲರಿಗೆ ತೋರಿಸಿ.

ನೆಲಮಹಡಿಯವರು ಎದ್ದು ನಿಂತು, "ನಾನು ಬಾಗಿಲು ತೆಗೆದು ಓಡಿಬಿಡ್ತೀನಿ, ನನಗ್ಯಾಕಮ್ಮ?" ಅಂದೇ ಅನ್ನುತ್ತಾರೆ. ಕಾರ್ಲ್‌ಟನ್ ಟವರ್ಸ್ ನೆನಪಿಸಿ. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಆ ಕಟ್ಟಡದಲ್ಲಿ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು, 9 ಜನ ಸತ್ತರು. ಮೀಟರ್ ರೂಮು, ಈಗ ಸ್ಕೂಟರ್ ಚಾರ್ಜಿಂಗು, ಎಲ್ಲ ಇರುವುದು ಕೆಳಗೇ. ಹೊಗೆ ಹೋಗುವುದು ಮೇಲಕ್ಕೆ. "ಓಡೋರು ನೀವು ಸಾರ್, ಸಿಕ್ಕಿಹಾಕಿಕೊಳ್ಳೋರು ನಾವು" ಅಂದರೆ ಸಾಮಾನ್ಯವಾಗಿ ಕೂರುತ್ತಾರೆ.

ಸಭೆಗೆ ಮುಂಚೆ ಪ್ರತಿ ಮನೆಗೂ ಅದರ ಮೊತ್ತ ಬರೆದ ಚೀಟಿ ಕಳಿಸಿ. ವಾಟ್ಸಾಪ್ ಗುಂಪಿಗೆ ಒಟ್ಟು ಮೊತ್ತ ಹಾಕಿದರೆ ಸಾಲದು. ಜನ ಓದುವುದು ತಮ್ಮ ಅಂಕಿಯನ್ನು ಮಾತ್ರ. ನಿರ್ಣಯದಲ್ಲಿ ದರ, ಕೊನೆಯ ದಿನಾಂಕ, ತಡವಾದರೆ ಬಡ್ಡಿ ಮೂರನ್ನೂ ಸ್ಪಷ್ಟವಾಗಿ ಬರೆಯಿರಿ.

ಜಿಎಸ್‌ಟಿ ಒಂದು ಸಲ ನೋಡಿಕೊಳ್ಳಿ. ಮನೆಯೊಂದರ ಮೇಂಟೆನೆನ್ಸ್ ತಿಂಗಳಿಗೆ 7,500 ದಾಟಿ, ಸಂಘದ ವಹಿವಾಟು ವರ್ಷಕ್ಕೆ 20 ಲಕ್ಷ ಮೀರಿದರೆ 18% ಬೀಳುತ್ತದೆ. ಈ ಪಾಲು ಸೇರಿ ದೊಡ್ಡ ಮನೆಗಳು ಗೆರೆ ದಾಟುತ್ತವೆಯೇ ಎಂದು ಆಡಿಟರ್‌ಗೆ ಕೇಳಿ.

ಬಿಲ್ಡರ್ ಕೈಯಲ್ಲಿ ಮಾರದೆ ಉಳಿದ ಮನೆಗಳಿದ್ದರೆ ಅವಕ್ಕೂ ಬಿಲ್ ಕಳಿಸಿ. ಬೀಗ ಹಾಕಿದ ಮನೆಗೂ ಯುಡಿಎಸ್ ಇದೆ.