ಬಿಸಿಲು ಕಾಣಿಸದೆ ಗಾಣದೆಣ್ಣೆ ತಿಳಿ ಮಾಡಿದ ಲೆಕ್ಕ

"ಬಿಸಿಲು ಕಾಣದ ಎಣ್ಣೆ ಹಸಿ ಎಣ್ಣೆ, ತಿಂಗಳಲ್ಲಿ ಕಮಟು ಹಿಡಿಯುತ್ತೆ" ಅಂತ ಗಾಣ ಇಟ್ಟವರೆಲ್ಲ ಹೇಳಿದ್ದರು. ಎರಡು ಹಂಗಾಮು ಕಳೆದವು. ನಮ್ಮ ಶೇಂಗಾ ಎಣ್ಣೆ, ಕುಸುಬೆ ಎಣ್ಣೆ ಎರಡೂ ಬಿಸಿಲಿನ ಮುಖ ನೋಡದೆಯೇ ಬಾಟಲಿ ಸೇರುತ್ತಿವೆ. ಶೇಂಗಾ ಆರು ತಿಂಗಳು, ಕುಸುಬೆ ನಾಲ್ಕು ತಿಂಗಳು ಆರಾಮಾಗಿ ನಿಲ್ಲುತ್ತಿದೆ. ಮೊದಲು ನೂರು ಬಾಟಲಿ ಹೋದರೆ ಆರೇಳು ವಾಪಸ್ ಬರುತ್ತಿದ್ದವು, ಈಗ ಒಂದು ಬಂದರೆ ಹೆಚ್ಚು. ಗಾಣ ಆಡಿಸುವುದು, ನೀರು ಚಿಮುಕಿಸುವುದು, ಹಿಂಡಿ ತೆಗೆಯುವುದು ಎಲ್ಲ ನಿಮಗೆ ಗೊತ್ತಿರುವುದೇ. ಎಣ್ಣೆ ಗಾಣದಿಂದ ಇಳಿದ ಮೇಲಿನ ಕಥೆ ಮಾತ್ರ ಇಲ್ಲಿದೆ.

ಎಣ್ಣೆಯನ್ನು ಪರಾತದಲ್ಲಿ ಸುರಿದು, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮೂರು ದಿನ ತಾರಸಿ ಮೇಲೆ ಇಡುವುದು ವಾಡಿಕೆ. ಬಿಸಿಲು ಎರಡು ಒಳ್ಳೆ ಕೆಲಸ ಮಾಡುತ್ತದೆ: ಎಣ್ಣೆ ಬೆಚ್ಚಗಾಗಿ ತೆಳ್ಳಗಾಗುತ್ತದೆ, ಗಸಿ ಬೇಗ ಇಳಿಯುತ್ತದೆ, ಚಿಮುಕಿಸಿದ ನೀರಿನ ಪಸೆಯೂ ಆರುತ್ತದೆ. ಇವೆರಡೂ ಕಾವಿನ ಕೆಲಸ, ಬೆಳಕಿನದ್ದಲ್ಲ. ಬೆಳಕು ಮಾಡುವುದು ಮೂರನೆಯ ಕೆಲಸ. ಬಲಿಯದ ಕಾಳಿನಿಂದ ಬಂದ ಚೂರುಪಾರು ಹಸಿರು, ಅಂದರೆ ಕ್ಲೋರೋಫಿಲ್, ಬೆಳಕು ಹೀರಿಕೊಂಡು ಪಕ್ಕದ ಆಮ್ಲಜನಕವನ್ನು ಕೆಣಕುತ್ತದೆ. ಹಾಗೆ ಕೆರಳಿದ ಆಮ್ಲಜನಕ, ಎಣ್ಣೆಯಲ್ಲಿರುವ ಬೇಗ ಕೆಡುವ ಕೊಬ್ಬಿನಂಶವಾದ ಲಿನೋಲಿಕ್ ಆಮ್ಲದ ಮೇಲೆ ಸಾಮಾನ್ಯ ಆಮ್ಲಜನಕಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ವೇಗವಾಗಿ ಬೀಳುತ್ತದೆ. ಅದನ್ನು ತಡೆಯಲು ಹೋಗಿ ವಿಟಮಿನ್ ಇ ತಾನೇ ಖರ್ಚಾಗುತ್ತದೆ. ಅದೇ ಕ್ಲೋರೋಫಿಲ್ ಕತ್ತಲೆಯಲ್ಲಿದ್ದರೆ ಎಣ್ಣೆಗೆ ತೊಂದರೆ ಕೊಡುವುದಿಲ್ಲ. ಬಿಸಿಲಿಗಿಟ್ಟ ಎಣ್ಣೆಯ ಬಣ್ಣ ತಿಳಿಯಾಗುವುದನ್ನು ನಾವು "ಶುದ್ಧ ಆಯ್ತು" ಅಂದುಕೊಳ್ಳುತ್ತೇವೆ. ಹಳದಿ ಬಣ್ಣ ಕೊಡುವ ಕ್ಯಾರೊಟಿನ್ ಸುಟ್ಟುಹೋಗಿದ್ದರ ಗುರುತು ಅದು.

ಇದನ್ನು ಬಾಯಲ್ಲಿ ಹೇಳಿದರೆ ಯಾರೂ ಒಪ್ಪಲಿಲ್ಲ, ಅಳೆದೇ ತೋರಿಸಬೇಕಾಯಿತು. ಒಂದೇ ಒಬ್ಬೆಯ ಶೇಂಗಾ ಎಣ್ಣೆ, ಒಂದೇ ಅಳತೆಯ ಗಾಜಿನ ಬಾಟಲಿ ಐದು. ಒಂದು ಬರಿ ಗಾಜು, ಒಂದಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ, ಒಂದಕ್ಕೆ ಮೂರು ಸುತ್ತು ಕಪ್ಪು ಕಾಗದ, ಒಂದು ಕಂದು ಗಾಜು. ಈ ನಾಲ್ಕೂ ತಾರಸಿಯ ಬಿಸಿಲಿನಲ್ಲಿ, ಐದನೆಯದು ಒಳಗೆ ಬೀರುವಿನಲ್ಲಿ. ಮೊದಲ ಸಲ ಕಪ್ಪು ಕಾಗದದ ಬಾಟಲಿ ಇಟ್ಟಿರಲಿಲ್ಲ. ಹಾಳೆ ಸುತ್ತಿದ್ದು ಬಿಸಿಲನ್ನು ತಿರುಗಿಸಿ ಕಳಿಸುತ್ತದೆ, ಒಳಗೆ ತಂಪಾಗಿತ್ತು, ಅದಕ್ಕೇ ಕೆಟ್ಟಿಲ್ಲ ಅಂತ ತಕರಾರು ಬಂತು. ತಕರಾರು ಸರಿಯಾಗಿಯೇ ಇತ್ತು. ಅದಕ್ಕೇ ಎರಡನೇ ಸಲ ಕಪ್ಪು ಕಾಗದದ್ದನ್ನೂ ಇಟ್ಟೆ, ಅದು ಬರಿ ಗಾಜಿಗಿಂತಲೂ ಹೆಚ್ಚು ಬಿಸಿಯಾಗುತ್ತದೆ. ಮಧ್ಯಾಹ್ನ ಥರ್ಮಾಮೀಟರ್ ಇಳಿಸಿದರೆ 52 ಡಿಗ್ರಿ, ಬರಿ ಗಾಜಿನದ್ದು 46.

ಮೂರು ದಿನದ ಮೇಲೆ ಪೆರಾಕ್ಸೈಡ್ ಮೌಲ್ಯ ನೋಡಿದೆ. ಎಣ್ಣೆ ಎಷ್ಟು ಕೆಡತೊಡಗಿದೆ ಅಂತ ಹೇಳುವ ಅಂಕ ಅದು, ಚಿಕ್ಕದಾಗಿ ಪಿವಿ. ಶುರುವಿನಲ್ಲಿ ಒಂದೂವರೆ ಇದ್ದದ್ದು ಬರಿ ಗಾಜಿನಲ್ಲಿ 14ರ ಹತ್ತಿರ, ಕಂದು ಗಾಜಿನಲ್ಲಿ 5, ಕಪ್ಪು ಕಾಗದದಲ್ಲಿ ಮೂರೂವರೆ, ಹಾಳೆಯಲ್ಲಿ ಎರಡೂವರೆ, ಬೀರುವಿನಲ್ಲಿ ಎರಡು. ನೆನಪಿನಿಂದ ಬರೆಯುತ್ತಿದ್ದೇನೆ, ಅರ್ಧ ಆಚೀಚೆ ಇರಬಹುದು. ತಣ್ಣಗೆ ಹಿಂಡಿದ ಎಣ್ಣೆಗೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ 15. ಅಂದರೆ ಬಾಟಲಿಗೆ ತುಂಬುವ ಮೊದಲೇ ಎಣ್ಣೆಯ ಆಯುಸ್ಸು ತಾರಸಿ ಮೇಲೆ ಕಳೆದಿತ್ತು. ಕುಸುಬೆಯಲ್ಲಿ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲವೇ ಆದ್ದರಿಂದ ಬರಿ ಗಾಜಿನದ್ದು 25 ದಾಟಿತು. ಶೇಂಗಾದ ಎರಡು ಮಾದರಿಗಳನ್ನು, ಬಿಸಿಲಿನದ್ದು ಮತ್ತು ಬೀರುವಿನದ್ದು, ವಿಟಮಿನ್ ಇ ಪರೀಕ್ಷೆಗೆ ಕಳಿಸಿದೆ. ಮಾದರಿಗೆ ಮೂರೂವರೆ ಸಾವಿರ ಬಿತ್ತು. ಬಿಸಿಲಿನದ್ದರಲ್ಲಿ ಮೂರನೇ ಒಂದು ಪಾಲು ಕಡಿಮೆ. ಪದೇ ಪದೇ ಅದಕ್ಕೆ ಸುರಿಯುವಷ್ಟು ದುಡ್ಡಿಲ್ಲ. ಪಿವಿ ಮಾತ್ರ ಮನೆಯಲ್ಲೇ ಆಗುತ್ತದೆ.

ಅದರ ಕ್ರಮ ಇಷ್ಟು. 5 ಗ್ರಾಂ ಎಣ್ಣೆಯನ್ನು ಮುಚ್ಚಳದ ಫ್ಲಾಸ್ಕಿಗೆ ತೂಗಿ, ಅಸಿಟಿಕ್ ಆಮ್ಲ ಮೂರು ಪಾಲು, ಕ್ಲೋರೋಫಾರ್ಮ್ ಎರಡು ಪಾಲು ಬೆರೆಸಿದ್ದು 30 ಮಿಲಿ. ಕರಗಿದ ಮೇಲೆ ಪೊಟ್ಯಾಸಿಯಂ ಅಯೊಡೈಡಿನ ತುಂಬು ದ್ರಾವಣ ಅರ್ಧ ಮಿಲಿ. ಮುಚ್ಚಿ, ಅಲ್ಲಾಡಿಸಿ, ಸರಿಯಾಗಿ ಒಂದು ನಿಮಿಷ ಕತ್ತಲೆಯಲ್ಲಿ. ಆಮೇಲೆ 30 ಮಿಲಿ ನೀರು, ಪಿಷ್ಟದ ತಿಳಿ, 0.01 ನಾರ್ಮಲ್ ಸೋಡಿಯಂ ಥಯೋಸಲ್ಫೇಟಿನಿಂದ ನೀಲಿ ಹೋಗುವವರೆಗೆ ಟೈಟ್ರೇಶನ್, ಅಂದರೆ ಹನಿ ಹನಿಯಾಗಿ ಬಿಟ್ಟು ಅಳೆಯುವುದು. ಎಣ್ಣೆ ಹಾಕದ ಖಾಲಿ ಮಾದರಿಗೆ ಬಿದ್ದಷ್ಟನ್ನು ಕಳೆಯಿರಿ. ಉಳಿದ ಒಂದೊಂದು ಮಿಲಿಗೆ ಎರಡು ಅಂಕ, ಅಷ್ಟೇ ಲೆಕ್ಕ. ನಾನು ಮೊದಲ ತಿಂಗಳು ಇದನ್ನು ಕಿಟಕಿ ಪಕ್ಕದ ಮೇಜಿನ ಮೇಲೆ ಮಾಡಿ ಕೆಟ್ಟೆ. ಅಯೊಡೈಡಿಗೇ ಬೆಳಕು ತಾಗಿ ತಾನಾಗಿ ಅಯೊಡಿನ್ ಬಿಡುತ್ತಿತ್ತು, ಖಾಲಿ ಮಾದರಿಗೂ ಒಂದೂವರೆ ಮಿಲಿ ಬೀಳುತ್ತಿತ್ತು. ಬೆಳಕಿನ ಕೇಡು ಅಳೆಯುವ ಪರೀಕ್ಷೆಯನ್ನೇ ಬೆಳಕು ಕೆಡಿಸುತ್ತಿತ್ತು! ಅಯೊಡೈಡ್ ದ್ರಾವಣಕ್ಕೆ ಹಳದಿ ಬಂದಿದ್ದರೆ ಚೆಲ್ಲಿಬಿಡಿ. ಕ್ಲೋರೋಫಾರ್ಮಿನ ಆವಿ ಕುಡಿಯಬೇಡಿ, ಫ್ಯಾನು ಹೊರಕ್ಕೆ ಎಳೆಯುತ್ತಿರಲಿ. ಇನ್ನೊಂದು: ತೀರಾ ಹಳೆಯ ಎಣ್ಣೆಯಲ್ಲಿ ಪಿವಿ ಏರಿ ಮತ್ತೆ ಇಳಿದಿರುತ್ತದೆ, ಪೆರಾಕ್ಸೈಡ್ ಒಡೆದು ವಾಸನೆಯ ಪದಾರ್ಥಗಳಾಗಿರುತ್ತವೆ. ಅಂಕ ಕಡಿಮೆ ಇದ್ದು ಮೂಗು ಬೇಡ ಅಂದರೆ ಮೂಗನ್ನೇ ನಂಬಿ.

ಅಳತೆ ಕೈಗೆ ಬಂದ ಮೇಲೆ ಎಣ್ಣೆಯನ್ನು ನೇರ ಕತ್ತಲ ಕೋಣೆಗೆ ತಂದು ಸುಮ್ಮನೆ ಇಟ್ಟೆ. ಅದು ಮೊದಲ ಸೋಲು. ಹತ್ತು ದಿನ ಕಳೆದರೂ ಮಬ್ಬು ಹೋಗಲಿಲ್ಲ. ಎಂಬತ್ತು ಲೀಟರ್ ಬಾಟಲಿಗೆ ಹೋಗಿ, ಬುಡದಲ್ಲಿ ಬಿಳಿ ಕೆಸರು ಕಟ್ಟಿ, ಹುಳಿ ವಾಸನೆ ಬಂದು ಎಲ್ಲ ವಾಪಸ್. ಹದಿನೈದು ಸಾವಿರಕ್ಕೆ ಕಡಿಮೆ ಇಲ್ಲ. ಒಂದಿಷ್ಟು ಸಾಬೂನು ಮಾಡುವವರಿಗೆ ಕೊಟ್ಟೆ, ಉಳಿದದ್ದು ದೀಪಕ್ಕೆ. ಕಾವು ಇಲ್ಲದೆ ಪಸೆ ಹೋಗದು ಅನ್ನುವ ಹಿರಿಯರ ಮಾತಿನಲ್ಲಿ ಅಷ್ಟು ಮಾತ್ರ ನಿಜವಿತ್ತು.

ಹಾಗಾದರೆ ಬಿಸಿಲಿನ ಕಾವನ್ನು ಮಾತ್ರ ತೆಗೆದುಕೊಳ್ಳೋಣ ಅಂತ ತಾರಸಿಯ ಮೇಲೆ ತಗಡಿನ ಪೆಟ್ಟಿಗೆ ಮಾಡಿಸಿದೆ. ಎಂಟಡಿ ಉದ್ದ, ನಾಲ್ಕಡಿ ಅಗಲ, ಕಬ್ಬಿಣದ ಚೌಕಟ್ಟು, ಜಿಐ ತಗಡು, ಹೊರಗೆ ಹೊಳಪಿಲ್ಲದ ಕಪ್ಪು ಬಣ್ಣ. ಒಳಗೆ ಐವತ್ತು ಲೀಟರಿನ ಸ್ಟೀಲ್ ಪಾತ್ರೆ ನಾಲ್ಕು. ಎಣ್ಣೆ 45ರಿಂದ 48 ಡಿಗ್ರಿಗೆ ಬರುತ್ತದೆ. ಮೊದಲ ವಾರ ಪಾತ್ರೆಗಳಿಗೆ ಸ್ಟೀಲ್ ಮುಚ್ಚಳ ಹಾಕಿದ್ದೆ. ರಾತ್ರಿ ತಣ್ಣಗಾದಾಗ ಆವಿ ಮುಚ್ಚಳಕ್ಕೆ ಹನಿಗಟ್ಟಿ ಮತ್ತೆ ಎಣ್ಣೆಗೇ ತೊಟ್ಟಿಕ್ಕುತ್ತಿತ್ತು. ಮುಚ್ಚಳ ತೆಗೆದು ಎರಡು ಪದರ ಮಸ್ಲಿನ್ ಕಟ್ಟಿದೆ, ಪೆಟ್ಟಿಗೆಯ ಮಾಡನ್ನು ಒಂದು ಕಡೆಗೆ ಇಳಿಜಾರು ಮಾಡಿಸಿದೆ, ಮೇಲಂಚಿನಲ್ಲಿ ಎರಡು ಬೆರಳಗಲ ಸಂದು ಬಿಟ್ಟೆ. ಸಂದಿನ ಮುಂದೆ ತಗಡಿನ ಮರೆ ಇದೆ. ಗಾಳಿ ತಿರುಗಿಕೊಂಡು ಬರುತ್ತದೆ, ಬೆಳಕು ಬರುವುದಿಲ್ಲ. ಹನಿ ಇಳಿಜಾರಿನಲ್ಲಿ ಹರಿದು ಹೊರಗೆ ಬೀಳುತ್ತದೆ.

ಮಳೆಗಾಲಕ್ಕೆ ಇನ್ನೊಂದು ದಡ್ಡತನ. ಬಿಸಿಲಿಲ್ಲ ಅಂತ ಪೆಟ್ಟಿಗೆಯೊಳಗೆ 200 ವ್ಯಾಟಿನ ಎರಡು ಹಳೇ ಬಲ್ಬು ತೂಗುಹಾಕಿದೆ. ಕಾವು ಸರಿಯಾಗಿ ಬಂತು, ಪಿವಿ 9ಕ್ಕೆ ಏರಿತು. ಕತ್ತಲೆಗೆ ಅಂತ ಪೆಟ್ಟಿಗೆ ಮಾಡಿಸಿ ಅದರೊಳಗೆ ದೀಪ ಹಚ್ಚಿದ್ದೆ. ಈಗ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಅದರೊಳಗೆ ಎಣ್ಣೆ ಪಾತ್ರೆ ಕೂರಿಸಿ, ನೀರಿಗೆ 1 ಕಿಲೋವ್ಯಾಟಿನ ಹೀಟರು, 45 ಡಿಗ್ರಿಗೆ ತಾನೇ ಆರುವ ಥರ್ಮೋಸ್ಟ್ಯಾಟ್. ಹೀಟರನ್ನು ನೇರ ಎಣ್ಣೆಗೆ ಇಳಿಸಬೇಡಿ, ಅದರ ಮೈಗೆ ತಾಗಿದ ಗಸಿ ಸೀಯುತ್ತದೆ.

ಎರಡು ದಿನ ಕಾವು ಕೊಟ್ಟ ಮೇಲೆ ಸೌಟಿನ ಪರೀಕ್ಷೆ: ಬುಡದ ಹತ್ತಿರದ ಎಣ್ಣೆ ಅರ್ಧ ಸೌಟು ಒಲೆ ಮೇಲೆ ಹಿಡಿದರೆ ಚಟಪಟ ಅನ್ನಬಾರದು, ನೊರೆ ಬರಬಾರದು. ಚಟಪಟ ಅಂದರೆ ಇನ್ನೊಂದು ದಿನ ಕಾವು. ಚಿಮುಕಿಸುವ ನೀರನ್ನೂ ಇಳಿಸಿದ್ದೇನೆ. ಹದಿನೈದು ಕಿಲೋ ಶೇಂಗಾಕ್ಕೆ ಮೊದಲು ಅರ್ಧ ಲೀಟರ್ ಹೋಗುತ್ತಿತ್ತು, ಈಗ 300 ಮಿಲಿ. ಲೀಟರಿಗೆ ಎರಡೂವರೆ ಕಿಲೋ ಕಾಳು ಹೋಗುವುದು ಹಾಗೇ ಇದೆ, ಇಳುವರಿ ಬಿದ್ದಿಲ್ಲ.

ಅಲ್ಲಿಂದ 200 ಲೀಟರಿನ ಶಂಕುವಿನಾಕಾರದ ಬುಡದ ಸ್ಟೀಲ್ ಟ್ಯಾಂಕಿಗೆ, ಕಿಟಕಿಯಿಲ್ಲದ ಕೋಣೆಗೆ. ಬುಡದಲ್ಲಿ ಗಸಿಗೆ ಒಂದು ನಲ್ಲಿ, ಒಂದು ಗೇಣು ಮೇಲೆ ತಿಳಿಗೆ ಇನ್ನೊಂದು. ಐದು ದಿನ ಅಲುಗಿಸುವುದಿಲ್ಲ. ದಪ್ಪ ಹತ್ತಿ ಬಟ್ಟೆಯಲ್ಲಿ ಸೋಸಿ ಮತ್ತೆ ಮೂರು ದಿನ. ಎರಡನೇ ಸೋಸುವಿಕೆಗೆ ಮುಂಚೆ ಒಂದು ರಾತ್ರಿಯ ಕೆಲಸ ಇದೆ. ಅದನ್ನು ಬರೆಯುವುದಿಲ್ಲ, ಮಾಡಿ ನೋಡಿದವರಿಗೆ ತಾನೇ ಹೊಳೆಯುತ್ತದೆ. ಎಣ್ಣೆಗೆ ಹೊರಗಿನದು ಏನೂ ಸೇರುವುದಿಲ್ಲ ಅಂತ ಮಾತ್ರ ಹೇಳಬಲ್ಲೆ.

ಟ್ಯಾಂಕಿನದ್ದೂ ಒಂದು ಪಾಠ. ಕತ್ತಲೆ ಇದೆ, ಪಸೆ ಇಲ್ಲ, ಆದರೂ ಪಿವಿ ವಾರಕ್ಕೆ ಎರಡೆರಡು ಅಂಕ ಏರುತ್ತಿತ್ತು. ಬಾಗಿಲ ಸಂದಿಗೆಲ್ಲ ಕಪ್ಪು ಟೇಪು ಹಚ್ಚಿದೆ, ಒಳಗೆ ದೀಪ ಹಚ್ಚುವುದನ್ನೇ ಬಿಟ್ಟೆ. ಒಂದು ತಿಂಗಳು ಬೆಳಕನ್ನೇ ಬೈದೆ. ಕೊನೆಗೆ ನೋಡಿದರೆ ಟ್ಯಾಂಕಿಗೆ ಹಾಕಿದ್ದ ನಲ್ಲಿ ಹಿತ್ತಾಳೆಯದು. ಹಿತ್ತಾಳೆಯಲ್ಲಿ ತಾಮ್ರ ಇದೆ. ತಾಮ್ರ ಒಂದಿಷ್ಟೇ ಕರಗಿದರೂ ಎಣ್ಣೆಗೆ ಬೆಂಕಿ ಇಟ್ಟಂತೆ. 304 ದರ್ಜೆಯ ಸ್ಟೀಲಿನ ಬಾಲ್ ವಾಲ್ವ್ ಹಾಕಿದ ಮೇಲೆ ನಿಂತಿತು. ನಾನೂರು ರೂಪಾಯಿ ಉಳಿಸಲು ಹೋಗಿ ಒಂದು ಟ್ಯಾಂಕು ಎಣ್ಣೆ ಕೆಡಿಸಿಕೊಂಡೆ. ಟ್ಯಾಂಕು, ಪೆಟ್ಟಿಗೆ, ಹೀಟರು ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ಆಗಿದೆ.

ಇನ್ನು ಬಾಟಲಿ. ಅಂಗಡಿಯವರದ್ದು ಒಂದೇ ಮಾತು, ಗಿರಾಕಿಗೆ ಎಣ್ಣೆ ಕಾಣಬೇಕು. ನಾಲ್ಕಡಿಯ ಎಲ್‌ಇಡಿ ಟ್ಯೂಬಿನ ಕೆಳಗೆ ಒಂದೂವರೆ ಅಡಿ ದೂರದಲ್ಲಿ ಒಂದು ತಿಂಗಳು, ದಿನಕ್ಕೆ ಹನ್ನೆರಡು ಗಂಟೆ ಬಾಟಲಿಗಳನ್ನು ನಿಲ್ಲಿಸಿದೆ. ಪಾರದರ್ಶಕ ಪೆಟ್ ಪ್ಲಾಸ್ಟಿಕ್‌ನಲ್ಲಿ ಪಿವಿ ಎರಡರಿಂದ ಒಂಬತ್ತಕ್ಕೆ, ಕಂದು ಪೆಟ್‌ನಲ್ಲಿ ನಾಲ್ಕಕ್ಕೆ, ರಟ್ಟಿನ ಡಬ್ಬಿಯೊಳಗಿನದ್ದು ಮೂರು ಮುಟ್ಟಲಿಲ್ಲ. ಎಲ್‌ಇಡಿಯಲ್ಲಿ ಅತಿನೇರಳೆ ಇಲ್ಲ, ಏನೂ ಆಗಲ್ಲ ಅನ್ನುವವರು ಇದ್ದಾರೆ. ಬಿಳಿ ಎಲ್‌ಇಡಿಯ ಗಣನೀಯ ಪಾಲು ನೀಲಿ ಬೆಳಕು, 450 ನ್ಯಾನೋಮೀಟರ್ ಆಸುಪಾಸು. ಕ್ಲೋರೋಫಿಲ್ಲಿಗೆ ನೀಲಿಯೂ ಬೇಕು, ಕೆಂಪೂ ಬೇಕು. ಕಂದು ಬಾಟಲಿ ನೀಲಿಯನ್ನು ತಡೆದು ಕೆಂಪನ್ನು ಒಳಗೆ ಬಿಡುತ್ತದೆ. ಅದಕ್ಕೇ ಕಂದು ಅಂದರೆ ಪೂರ್ತಿ ಕಾವಲು ಅಲ್ಲ. ನಾನು ಕಂದು ಪೆಟ್‌ಗೆ ರಟ್ಟಿನ ಡಬ್ಬಿ ಹಾಕಿ, ಕತ್ತಿನವರೆಗೂ ತುಂಬಿ, ಗಾಳಿಗೆ ಹತ್ತು ಮಿಲಿಗಿಂತ ಹೆಚ್ಚು ಜಾಗ ಬಿಡದೆ ಮುಚ್ಚುತ್ತೇನೆ. ಪಾರದರ್ಶಕಕ್ಕಿಂತ ಬಾಟಲಿಗೆ ನಾಲ್ಕೈದು ರೂಪಾಯಿ ಜಾಸ್ತಿ, ಡಬ್ಬಿಗೆ ಏಳು. ತೋರಿಸಲಿಕ್ಕೆ ಅಂತ ಅಂಗಡಿಗೊಂದು ಚಿಕ್ಕ ಬರಿ ಗಾಜಿನ ಸೀಸೆ ಕೊಟ್ಟಿದ್ದೇನೆ, ಅದು ಮಾರಾಟಕ್ಕಲ್ಲ. ಎರಡು ತಿಂಗಳಿಗೆ ಅದು ಬಿಳಚುತ್ತದೆ, ಡಬ್ಬಿಯ ಎಣ್ಣೆ ಪಕ್ಕದಲ್ಲಿಟ್ಟರೆ ಬೇರೆ ವಿವರಣೆ ಬೇಕಾಗುವುದಿಲ್ಲ. ವಿಟಮಿನ್ ಎ, ಡಿ ಸೇರಿಸಿದ ಎಣ್ಣೆ ಪಾರದರ್ಶಕ ಬಾಟಲಿಯಲ್ಲಿ ಅಂಗಡಿ ಮುಂಭಾಗದಲ್ಲಿ ನಿಂತಿರುವುದನ್ನು ಕಂಡರೆ ನನಗೆ ಸಂಕಟ. ವಿಟಮಿನ್ ಎ ಬೆಳಕಿಗೆ ತುಂಬಾ ಮೆತ್ತಗೆ.

ಎಲ್ಲ ಎಣ್ಣೆಗೂ ಇದೇ ಶಾಸ್ತ್ರ ಬೇಕಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತು ಸಂತೃಪ್ತ ಕೊಬ್ಬು, ಬೆಳಕಿಗೆ ಹಿಡಿಯಲು ಸಿಗುವುದೇ ಕಡಿಮೆ. ಕರಾವಳಿಯವರು ಬಿಸಿಲಿಗಿಟ್ಟರೆ ನನ್ನ ಆಕ್ಷೇಪ ಇಲ್ಲ. ಎಳ್ಳೆಣ್ಣೆಯಲ್ಲಿ ಅದನ್ನು ಕೆಡದಂತೆ ಕಾಯುವ ಸೆಸಮಾಲ್‌ನಂಥ ಪದಾರ್ಥಗಳು ಇರುವುದರಿಂದ ಅದು ಗಟ್ಟಿಪಿಂಡ. ಮೂರು ದಿನದ ಬಿಸಿಲಿಗೆ ನನ್ನ ಅಳತೆಯಲ್ಲಿ ಹೆಚ್ಚಾದದ್ದು ಮೂರು ಅಂಕ ಮಾತ್ರ.

ಕೈ ಸುಮ್ಮನಿರದೆ ಬೇರೆಯವನ್ನೂ ಇಟ್ಟು ನೋಡಿದೆ. ನಾಟಿ ಹಸುವಿನ ಹಳದಿ ತುಪ್ಪ ಕಿಟಕಿಯ ಗಾಜಿನ ಭರಣಿಯಲ್ಲಿ ಎರಡು ವಾರಕ್ಕೆ ಎಮ್ಮೆ ತುಪ್ಪದ ಬಣ್ಣಕ್ಕೆ ಬಂತು, ಅಲ್ಲೂ ಹೋದದ್ದು ಕ್ಯಾರೊಟಿನ್ನೇ. ಬ್ಯಾಡಗಿ ಮೆಣಸಿನ ಪುಡಿಯ ಸೀಸೆಯಲ್ಲಿ ಕಿಟಕಿ ಕಡೆಯ ಮೈ ಇಟ್ಟಿಗೆ ಬಣ್ಣಕ್ಕೆ ತಿರುಗಿತು, ಗೋಡೆ ಕಡೆಯದ್ದು ಕೆಂಪಾಗೇ ಇತ್ತು. ಗಾಜಿನ ಸೀಸೆಯ ಹಾಲನ್ನು ಒಂದು ಗಂಟೆ ಬಿಸಿಲಿನಲ್ಲಿಟ್ಟು ಕುಡಿದು ನೋಡಿ, ಸುಟ್ಟ ರಟ್ಟಿನ ರುಚಿ. ಹಾಲಿನ ರೈಬೊಫ್ಲೇವಿನ್, ಅಂದರೆ ವಿಟಮಿನ್ ಬಿ2, ಬೆಳಕಿಗೆ ಒಡೆಯುತ್ತಾ ಪ್ರೋಟೀನನ್ನೂ ಎಳೆದುಕೊಂಡು ಹೋಗುತ್ತದೆ. ಉಲ್ಟಾ ಲೆಕ್ಕ ಅಣಬೆಯದು. ಹೆಚ್ಚಿದ ಅಣಬೆಯನ್ನು ಮಧ್ಯಾಹ್ನದ ಬಿಸಿಲಿಗೆ ಅರ್ಧ ಗಂಟೆ ಹರಡಿದರೆ ಅದರಲ್ಲಿರುವ ಎರ್ಗೊಸ್ಟೆರಾಲ್ ಎಂಬ ಪದಾರ್ಥ ವಿಟಮಿನ್ ಡಿ2 ಆಗುತ್ತದೆ. ಗಾಜಿನ ಹಿಂದೆ ಇಟ್ಟರೆ ಆಗುವುದಿಲ್ಲ, ಅದಕ್ಕೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ.

ಅಗಸೆ ಎಣ್ಣೆ ಮಾತ್ರ ಇನ್ನೂ ಬಗ್ಗಿಲ್ಲ. ಅರ್ಧಕ್ಕಿಂತ ಹೆಚ್ಚು ಅದರಲ್ಲಿ ಲಿನೋಲಿಕ್ಕಿಗಿಂತಲೂ ಬೇಗ ಕೆಡುವ ಲಿನೋಲೆನಿಕ್ ಆಮ್ಲವೇ, ಕತ್ತಲ ಪೆಟ್ಟಿಗೆಯ 45 ಡಿಗ್ರಿ ಕಾವೂ ಅದಕ್ಕೆ ಹೆಚ್ಚು. ಎರಡು ಒಬ್ಬೆ ಹಾಳಾದ ಮೇಲೆ ಕಾವು ಕೊಡುವುದನ್ನು ಬಿಟ್ಟೆ. ಈಗ ಬೇಡಿಕೆ ಬಂದ ದಿನ ಮಾತ್ರ, ನೀರು ಚಿಮುಕಿಸದೆ ಹಿಂಡಿ, ಫ್ರಿಜ್ಜಿನಲ್ಲಿ ನಾಲ್ಕು ದಿನ ತಿಳಿಯಾಗಲು ಬಿಟ್ಟು, 200 ಮಿಲಿಯ ಕಂದು ಗಾಜಿನ ಸೀಸೆಗೆ ತುಂಬಿ ಕೊಡುತ್ತೇನೆ. ಗಾಣದ ಬಾಯಿಂದ ಸೀಸೆಯವರೆಗೆ ಪಿವಿ ಒಂದು ಅಂಕವೂ ಏರಕೂಡದು ಅಂತ ಗುರಿ. ಸದ್ಯ ಒಂದೂವರೆಯಲ್ಲಿ ನಿಂತಿದೆ.